ಮೇಕೆಗೆ ಮಾತು ಬರಿಸಿದವರು

ಗಿಣಿಗೆ ಮಾತೇ ಹೊಟ್ಟೆಪಾಡು. ಮಕ್ಕಳ ಚಾನೆಲ್ಲಿನಲ್ಲಿ ವಟಗುಟ್ಟುವ ಅಳಿಲು, ಜಾಹೀರಾತಿನಲ್ಲಿ ಸೋಪನ್ನು ಕೊಂಡಾಡುವ ಸೊಸೆ, ಅವಳನ್ನು ಮೂದಲಿಸುವ ಅತ್ತೆ, ಲಿಫ್ಟಿನೊಳಗೆ ‘ಬಾಗಿಲು ಮುಚ್ಚುತ್ತಿದೆ’ ಎಂದು ಎಚ್ಚರಿಸುವ ಹೆಣ್ಣುದನಿ, ಎಲ್ಲವೂ ಅವಳೇ. ಚಿಕ್ಕಂದಿನಲ್ಲಿ ಅವಳ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅಪ್ಪ ಗಿಣಿ ಎಂದು ಕರೆದ. ನಲವತ್ತು ದಾಟಿದ ಮೇಲೂ ಸ್ಟುಡಿಯೋದವರಿಗೆ ಅವಳು ಗಿಣಿ ಮೇಡಂ. ಅವಳ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅಕ್ಕನ ಪಾಲಿನ ಮಾತನ್ನೂ ತಂಗಿಯೇ ಹೊಡೆದುಕೊಂಡಳು ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಗಿಣಿ ಒಮ್ಮೆಯೂ ನಕ್ಕಿರಲಿಲ್ಲ.

ಚಾನೆಲ್ಲಿನಿಂದ ಫೋನ್ ಬಂದು, “ಮೇಡಂ, ಏಣಿಮಾಮನ ಚಿತ್ರಗಳಲ್ಲಿ ಮೇಕೆ ಇದೆಯಲ್ಲ, ಅದಕ್ಕೆ ನೀವು ದನಿ ಕೊಡಬೇಕು,” ಎಂದಾಗ ಅವಳು ಹೂಂ ಅನ್ನುವುದನ್ನೇ ಮರೆತಳು.

“ಆ ಮೇಕೆ ಮಾತಾಡೋದಿಲ್ವಲ್ಲ,” ಎಂದಳು.

“ಇನ್ಮೇಲೆ ಮಾತಾಡುತ್ತೆ,” ಎಂದಿತು ಫೋನಿನ ಆಚೆಯ ದನಿ.

ಏಣಿಮಾಮನನ್ನು ನೋಡದೆ ಬೆಳೆದವರು ಕಡಿಮೆ. ಗಿಣಿಯ ಅಪ್ಪ ಇನ್ನೂ ಚಡ್ಡಿ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಹಾಳೆಯ ಮೇಲೆ ಹಾಳೆ ಇಟ್ಟು, ಕೈಯಲ್ಲೇ ಬರೆದು ಕುಣಿಸಿದ ಪುಟ್ಟ ಪುಟ್ಟ ಚಿತ್ರಗಳು ಅವು. ಚಹಾ ಆರುವುದರೊಳಗೆ ಒಂದು ಮುಗಿದುಹೋಗುತ್ತಿತ್ತು. ಏಣಿಮಾಮ ಎಂಬ ಬೊಜ್ಜಿನ ಮನುಷ್ಯ ಪ್ರತಿ ಸಲವೂ ಏಣಿ ಹೊತ್ತು ಏನೋ ಒಂದು ಸಣ್ಣ ಕೆಲಸಕ್ಕೆ ಹೊರಡುತ್ತಾನೆ. ಬೀದಿಯ ಬಲ್ಬು ಬದಲಿಸಬೇಕು, ಇಲ್ಲವೇ ಅಂಗಡಿಯ ಬೋರ್ಡಿಗೆ ಬಣ್ಣ ಬಳಿಯಬೇಕು. ಅಲ್ಲೊಂದು ಮೇಕೆ ಇರುತ್ತದೆ. ಕೆಲಸ ಆಗುವುದಿಲ್ಲ. ಇಷ್ಟೇ ಕತೆ. ಅವನು ಬಾಯಿ ತೆರೆಯುವುದಿಲ್ಲ. ಮೇಕೆ ತೆರೆಯುತ್ತದೆ, ಆದರೆ ಮೆಲ್ಲುವುದಕ್ಕೆ ಮಾತ್ರ.

ಅಕ್ಕತಂಗಿಯರು ಇದನ್ನು ಭಾನುವಾರದ ಬೆಳಿಗ್ಗೆ, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ನೋಡುತ್ತಿದ್ದರು. ಬೇರೆ ಏನೇ ಬಂದರೂ ಅಕ್ಕ ತಂಗಿಯ ಭುಜ ತಟ್ಟಿ, ಏನಂದ, ಏನಂದಳು ಎಂದು ಕೈಯಾಡಿಸಿ ಕೇಳುವಳು. ಗಿಣಿ ಕೈಯಲ್ಲೇ ಹೇಳುವಳು. ಹೇಳಿ ಮುಗಿಸುವಷ್ಟರಲ್ಲಿ ಮನೆಯವರೆಲ್ಲ ನಕ್ಕು ಸುಮ್ಮನಾಗಿರುತ್ತಿದ್ದರು. ಅಕ್ಕ ಒಬ್ಬಳೇ ತಡವಾಗಿ ನಕ್ಕು, ಎಲ್ಲರೂ ತಿರುಗಿ ನೋಡಿದಾಗ ಪೆಚ್ಚಾಗುವಳು. ಏಣಿಮಾಮ ಬಂದಾಗ ಮಾತ್ರ ಭುಜ ತಟ್ಟುವ ಕೆಲಸವಿರಲಿಲ್ಲ. ಅಕ್ಕ ಎಲ್ಲರಿಗಿಂತ ಮೊದಲೇ ನಗುತ್ತಿದ್ದಳು. ಅವನ ಹೆಗಲು ಸ್ವಲ್ಪ ವಾಲಿದ್ದು, ಮೇಕೆಯ ಕಿವಿ ಅಲುಗಿದ್ದು ಅವಳ ಕಣ್ಣಿಗೆ ಮೊದಲು ಬೀಳುತ್ತಿತ್ತು. ಆಮೇಲೆ ಅಪ್ಪ ನಗುವನು, ಕೊನೆಗೆ ಗಿಣಿ.

ಸ್ಟುಡಿಯೋಗೆ ಹೋದರೆ, ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡಿದ್ದ ನಿರ್ದೇಶಕ ಅವಳ ಕೈಗೆ ಸಂಭಾಷಣೆಯ ಹಾಳೆಗಳನ್ನು ಕೊಟ್ಟ. ಮೈಕಿನ ಪಕ್ಕದಲ್ಲಿ ಒಂದು ಕ್ಯಾಮೆರಾ ಅವಳ ಮುಖಕ್ಕೇ ಗುರಿಯಿಟ್ಟು ನಿಂತಿತ್ತು.

“ಇದ್ಯಾಕೆ?” ಎಂದಳು.

“ನಿಮ್ಮ ಬಾಯಿ ಹೇಗೆ ಆಡುತ್ತೋ ಹಾಗೇ ಮೇಕೆ ಬಾಯಿ ಆಡ್ಬೇಕಲ್ವಾ ಮೇಡಂ. ಕಂಪ್ಯೂಟರು ತೊಗೊಂಡು ಅಂಟಿಸುತ್ತೆ.”

ಪರದೆಯ ಮೇಲೆ ಚಿತ್ರ ಓಡಿತು. ಅವಳಿಗೆ ಬಾಯಿಪಾಠವಾಗಿದ್ದ ಚಿತ್ರ. ಬೀದಿಯಲ್ಲಿ ನಿಂತಿದ್ದ ಲಾರಿಯೊಂದಕ್ಕೆ ಏಣಿಮಾಮ ಏಣಿ ಒರಗಿಸಿ, ತುದಿಗೆ ಹತ್ತಿ, ಮೇಲಿನ ಬಲ್ಬನ್ನು ತಿರುಗಿಸುತ್ತಿದ್ದಾನೆ. ಲಾರಿಯನ್ನು ಗೂಟಕ್ಕೆ ಕಟ್ಟಿದ ಹಗ್ಗವನ್ನು ಮೇಕೆ ತಿಂದು ಮುಗಿಸುತ್ತದೆ. ಲಾರಿ ಇಳಿಜಾರಿನಲ್ಲಿ ಉರುಳಿ ಹೋಗುತ್ತದೆ. ಏಣಿ ಯಾವುದಕ್ಕೂ ಒರಗದೆ ಹಾಗೇ ನಿಂತಿದೆ, ಮಾಮ ತಿರುಗಿಸುತ್ತಲೇ ಇದ್ದಾನೆ. ಏನೋ ಅನುಮಾನವಾಗಿ ಒಂದು ಕೈ ಚಾಚಿ ಲಾರಿಯನ್ನು ತಡಕುತ್ತಾನೆ. ಗಾಳಿ. ಕೆಳಗೆ ನೋಡುತ್ತಾನೆ. ಮೇಕೆ ಮೆಲ್ಲುತ್ತಿದೆ. ಅವನು ಮೇಕೆಯನ್ನು ನೋಡುತ್ತಾನೆ, ಮೇಕೆ ಅವನನ್ನು ನೋಡುತ್ತದೆ, ಆಮೇಲೆ ಅವನು ನಿಧಾನವಾಗಿ ನಮ್ಮ ಕಡೆ ತಿರುಗುತ್ತಾನೆ. ಲೋಕದ ಅನ್ಯಾಯವನ್ನೆಲ್ಲ ನುಂಗಿಕೊಂಡ ಆ ಮುಖವನ್ನು ಹಾಗೇ ಹಿಡಿದು, ಹಿಡಿದು, ಇನ್ನು ತಡೆಯಲಾರೆ ಅನ್ನುವ ಹೊತ್ತಿಗೆ ಬೀಳುತ್ತಾನೆ.

ಹಾಗಿತ್ತು. ಈಗ ಅದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮಾಮ ತಿರುಗಲೇ ಇಲ್ಲ, ಲಾರಿ ಹೋಯಿತು, ದಬಕ್ಕನೆ ಬಿದ್ದ.

“ನಡುವೆ ಇದ್ದದ್ದು ಎಲ್ಲಿ ಹೋಯ್ತು?” ಎಂದಳು ಗಿಣಿ.

“ತೆಗೆದ್ವಿ. ಅಲ್ಲಿ ಏನೂ ಆಗೋದೇ ಇಲ್ಲ ಮೇಡಂ, ಸುಮ್ನೆ ನಿಂತಿರ್ತಾನೆ. ಈಗಿನ ಮಕ್ಕಳು ಅಷ್ಟು ಹೊತ್ತು ಕಾಯಲ್ಲ, ಬೇರೆ ಚಾನೆಲ್‌ಗೆ ಹೋಗಿಬಿಡ್ತಾರೆ. ನೀವು ಓದಿ.”

ಹಾಳೆಯಲ್ಲಿ ಮೇಕೆಯ ಮಾತು ಹೀಗಿತ್ತು: ‘ಅಯ್ಯೋ ಮಾಮ, ಲಾರಿ ಹೋಗ್ತಿದೆ. ನೀನೀಗ ಬೀಳ್ತೀಯ ನೋಡು. ಬಿದ್ದೇಬಿಟ್ಟ. ಫ್ರೆಂಡ್ಸ್, ಏಣಿ ಹತ್ತೋ ಮುಂಚೆ ಯಾವಾಗಲೂ ಸುರಕ್ಷತೆ ನೋಡಿಕೊಳ್ಳಬೇಕು, ಗೊತ್ತಾಯ್ತಾ?’

ಗಿಣಿಗೆ ಮೈಯೆಲ್ಲ ಉರಿಯಿತು. ನಗಿಸುವವನ ಬಾಯಿಗೆ ಬಟ್ಟೆ ತುರುಕಿ, ಅವನ ಪಕ್ಕದಲ್ಲಿ ನಿಂತು ಅವನ ಜೋಕನ್ನು ಬಿಡಿಸಿ ಹೇಳುವ ಕೆಲಸ ಇದು. ಅದೂ ಆ ಮೇಕೆಯ ಬಾಯಲ್ಲಿ. ಪ್ರಪಂಚ ಮಗುಚಿದರೂ ಏನೂ ಅನ್ನದೆ ಮೆಲ್ಲುತ್ತಿತ್ತು ಅನ್ನುವುದೇ ಆ ಮೇಕೆಯ ಮಹಿಮೆ.

“ಬೀಳೋದು ಎಲ್ಲರಿಗೂ ಕಾಣಿಸುತ್ತಲ್ಲಪ್ಪ. ಬಿದ್ದ ಅಂತ ಯಾಕೆ ಹೇಳಬೇಕು?”

“ಮೇಡಂ, ನಾನು ಬರೆದದ್ದಲ್ಲ. ಮೇಲಿನವರದ್ದು. ನಿಮಗೆ ಬೇಡ ಅಂದ್ರೆ ಬೇರೆಯವರನ್ನ ಕರೀತೀವಿ, ಬೇಜಾರಿಲ್ಲ.”

ಆ ಬೇಜಾರಿಲ್ಲ ಅನ್ನುವುದರಲ್ಲಿ ಎಷ್ಟು ಬೆದರಿಕೆಯಿತ್ತು ಎಂಬುದು ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಒಂದು ಸಲ ಬೇಡ ಅಂದವರ ನಂಬರನ್ನು ಆಮೇಲೆ ಯಾರೂ ಒತ್ತುವುದಿಲ್ಲ. ಗಿಣಿ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಮೇಕೆಯಾದಳು. ಚೆನ್ನಾಗಿಯೇ ಆದಳು. ಗಾಜಿನ ಆಚೆಯಿಂದ ನಿರ್ದೇಶಕ ಹೆಬ್ಬೆರಳೆತ್ತಿದ. ಅವಳಿಗೆ ಯಾರದೋ ಜೇಬಿಗೆ ಕೈಹಾಕಿ ಬಂದ ಹಾಗೆ ಆಯಿತು.

ಅಕ್ಕನಿಗೆ ಹೇಳಲಿಲ್ಲ. ಹೇಳೋಣ ಎಂದು ಕೈ ಎತ್ತಿದಾಗಲೆಲ್ಲ ಆ ಕೈ ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು.

ಅಕ್ಕ ಇರುವುದು ಒಂದು ದೊಡ್ಡ ಲಾಂಡ್ರಿಯ ಇಸ್ತ್ರಿ ವಿಭಾಗದಲ್ಲಿ. ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತದೆ. ಆಳೆತ್ತರದ ಡ್ರಮ್ಮುಗಳು ತಿರುಗುವ ಸದ್ದಿಗೆ ಕಿವಿ ಕೇಳುವವರೂ ಕಿವಿಗೆ ಬಿರಡೆ ಹಾಕಿಕೊಂಡೇ ದುಡಿಯಬೇಕು. ಹಾಗಾಗಿ ಅಲ್ಲಿ ಎಲ್ಲರೂ ಅಕ್ಕನಿಂದ ನಾಲ್ಕು ಸನ್ನೆ ಕಲಿತುಕೊಂಡಿದ್ದರು; ಹೊಸಬರು ಬಂದರೆ ಅವಳೇ ಮೇಡಂ. ಊಟದ ಕೋಣೆ ಯಂತ್ರಗಳ ಮಗ್ಗುಲಿಗೇ ಇತ್ತು. ಗೋಡೆಯ ಟಿವಿಯ ದನಿ ಅಲ್ಲಿ ಯಾರಿಗೂ ಕೇಳಿಸದು, ಅದಕ್ಕೇ ಊಟದ ಹೊತ್ತಿಗೆ ಸುದ್ದಿಯೂ ಬೇಡ, ಧಾರಾವಾಹಿಯೂ ಬೇಡ, ಏಣಿಮಾಮನೇ ಬೇಕು ಎಂದು ಎಷ್ಟೋ ವರ್ಷದಿಂದ ನಡೆದುಬಂದಿತ್ತು. ಬೆನ್ನು ಬಿದ್ದುಹೋದ ಹೆಂಗಸರೂ ಕೈ ಸುಟ್ಟುಕೊಂಡ ಗಂಡಸರೂ ತಟ್ಟೆ ಹಿಡಿದು, ತಲೆಯೆತ್ತಿ, ಒಟ್ಟಿಗೆ ನಗುವ ಹೊತ್ತು ಅದು.

ಹೊಸ ಮೇಕೆ ಬರುವ ದಿನ ಗಿಣಿ, ಹತ್ತಿರದಲ್ಲೇ ಕೆಲಸವಿತ್ತು ಎಂದು ಸುಳ್ಳು ಹೇಳಿ, ಅಕ್ಕನ ಜೊತೆ ಊಟಕ್ಕೆ ಕೂತಳು. ಏಣಿಮಾಮ ಬಂದ. ಎಲ್ಲರ ಮುಖ ಮೇಲೇರಿತು. ಲಾರಿ ಹೋಯಿತು, ದಬಕ್ಕನೆ ಬಿದ್ದ.

ಯಾರೂ ನಗಲಿಲ್ಲ. ತುತ್ತು ಕೈಯಲ್ಲೇ ಉಳಿಯಿತು. ಒಬ್ಬ ಎದ್ದು ಟಿವಿಯ ತಲೆಗೆ ತಟ್ಟಿದ, ಕೇಬಲ್ ಸರಿಯಿಲ್ಲ ಎಂದು ಕೈಯಾಡಿಸಿದ. ಮತ್ತೊಬ್ಬಳು ಅವನು ಯಾಕೆ ಬಿದ್ದ ಎಂದು ಪಕ್ಕದವಳನ್ನು ಕೇಳಿದಳು. ಪರದೆಯ ಮೇಲೆ ಮೇಕೆ ಒಂದೇ ಸಮನೆ ಬಾಯಿ ಬಡಿಯುತ್ತಿತ್ತು. ಇವರ ಪಾಲಿಗೆ ಅದು ಬರೀ ಬಾಯಿ.

ಅಕ್ಕ ಮಾತ್ರ ಕಣ್ಣು ಕೀಲಿಸಿ ಆ ಬಾಯನ್ನೇ ನೋಡುತ್ತಿದ್ದಳು. ತುಟಿ ಓದುವುದು ಅವಳಿಗೆ ಉಸಿರಾಟದಷ್ಟು ಸಲೀಸು. ಅದರಲ್ಲೂ ಒಂದು ಬಾಯನ್ನು, ಅದು ಮಾತು ಕಲಿತಾಗಿನಿಂದಲೇ ಅವಳು ಓದಿಕೊಂಡು ಬಂದಿದ್ದಳು. ಮಾತಿನ ಕೊನೆಗೆ ಎಡಗಡೆ ತುಟಿ ತುಸು ಮೇಲೆ ಎಳೆಯುವ ಬಾಯಿ. ಅವಳು ನಿಧಾನವಾಗಿ ಪರದೆಯಿಂದ ಕಣ್ಣು ಕಿತ್ತು ತಂಗಿಯ ಕಡೆ ತಿರುಗಿದಳು.

“ಅದು ನಿನ್ನ ಬಾಯಿ,” ಎಂದಳು ಕೈಯಲ್ಲಿ.

ಗಿಣಿ ತಲೆ ತಗ್ಗಿಸಿದಳು. ತಲೆ ತಗ್ಗಿಸಿದರೆ ಅಕ್ಕನ ಮಾತು ಕಾಣುವುದಿಲ್ಲ. ಅಕ್ಕ ಅವಳ ಗಲ್ಲ ಹಿಡಿದು ಮೇಲೆತ್ತಿ, ಕೈ ಹಿಡಿದೆಬ್ಬಿಸಿ, ಬಟ್ಟೆಗಂಟುಗಳ ಗಾಡಿ ನಿಲ್ಲಿಸುವ ಹಿತ್ತಿಲಿಗೆ ಎಳೆದುಕೊಂಡು ಹೋದಳು.

“ಮೇಕೆಗೆ ಮಾತು ಬರಿಸಿದವಳು ನೀನು.”

“ನಾನಲ್ಲದಿದ್ರೆ ಇನ್ನೊಬ್ಬರು ಮಾಡ್ತಿದ್ರು ಅಕ್ಕ.”

“ಇನ್ನೊಬ್ಬರು ಮಾಡಲಿ. ಅವರಿಗೆ ಅಕ್ಕ ಇಲ್ಲ.” ಅಕ್ಕನ ಕೈಗಳು ಗಾಳಿಯನ್ನು ಸೀಳುತ್ತಿದ್ದವು. “ಸಿನಿಮಾ ನಿಮ್ಮದು, ಹಾಡು ನಿಮ್ಮದು, ರೇಡಿಯೋ ನಿಮ್ಮದು, ಮದುವೆ ಮನೆಯಲ್ಲಿ ಕೂತು ಹರಟೋದೂ ನಿಮ್ಮದು. ನಾನು ಯಾವತ್ತಾದ್ರೂ ಕೇಳಿದ್ನಾ? ಇದೊಂದು ನಮ್ಮದೂ ಆಗಿತ್ತು. ನಿಮ್ಮದು, ನಮ್ಮದು, ಇಬ್ಬರದೂ. ಅದಕ್ಕೂ ಬಂದು ಮಾತು ಸುರಿದ್ರಲ್ಲ. ಅವನು ನನ್ನ ಕಡೆ ತಿರುಗಿ ನೋಡ್ತಿದ್ದ. ಅದನ್ನ ಕತ್ತರಿಸಿದ್ದು ಯಾರು?”

“ಮೇಲಿನವರು.”

“ಎಷ್ಟನೇ ಮಹಡಿ?”

ಗಿಣಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಅಕ್ಕ ಏಪ್ರನ್ ಬಿಚ್ಚಿ ಗಾಡಿಯ ಮೇಲೆ ಎಸೆದಿದ್ದಳು.

ಚಾನೆಲ್ಲಿನ ಕಚೇರಿಯಲ್ಲಿ ಅವರನ್ನು ಮೊದಲು ಒಂದು ಸೋಫಾದಲ್ಲಿ ಕೂರಿಸಿದರು. ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದರು. ನಾಳೆ ಬನ್ನಿ ಎಂದರು. ಅಕ್ಕ ಕೇಳಿಸಿಕೊಳ್ಳಲಿಲ್ಲ, ಕೇಳಿಸದಿರುವುದು ಅವಳಿಗೆ ಇಂಥ ಕಡೆ ಬಲು ಉಪಯೋಗಕ್ಕೆ ಬರುತ್ತಿತ್ತು. ಸ್ವಾಗತದ ಹುಡುಗಿ ಗಟ್ಟಿಯಾಗಿ ಹೇಳಿದಷ್ಟೂ ಅಕ್ಕ ಸೌಜನ್ಯದಿಂದ ತಲೆಯಾಡಿಸಿ ಕೂತೇ ಇದ್ದಳು. ಕೊನೆಗೆ ಒಳಗೆ ಬಿಟ್ಟರು.

ಕಾರ್ಯಕ್ರಮಗಳ ಮುಖ್ಯಸ್ಥೆ ಗಿಣಿಯ ವಯಸ್ಸಿನವಳು, ನೀಟಾದ ಹೆಂಗಸು. ಗಿಣಿಯನ್ನು ನೋಡಿ ಮುಖ ಅರಳಿಸಿದಳು.

“ಮೇಕೆ ತುಂಬ ಚೆನ್ನಾಗಿ ಬಂದಿದೆ. ಬೆಳಿಗ್ಗೆಯಿಂದ ಫೋನ್ ಮೇಲೆ ಫೋನು. ಇವರು?”

“ನಮ್ಮ ಅಕ್ಕ. ನಿಮ್ಮ ಹತ್ರ ಮಾತಾಡ್ಬೇಕಂತೆ.”

ಅಕ್ಕ ಶುರುಮಾಡಿದಳು. ಗಿಣಿ ಅವಳ ಕೈ ನೋಡುತ್ತ, ತನ್ನ ಅತ್ಯಂತ ಮೃದುವಾದ ದನಿಯಲ್ಲಿ, ಲಿಫ್ಟಿನ ದನಿಯಲ್ಲಿ, ಅನುವಾದಿಸಿದಳು.

“ಹಳೇ ಚಿತ್ರಗಳೇ ಸ್ವಲ್ಪ ಚೆನ್ನಾಗಿದ್ದವು ಅಂತ ಅಕ್ಕನಿಗೆ ಅನ್ನಿಸುತ್ತೆ.”

ಫಟ್ಟೆಂದು ತೋಳಿನ ಮೇಲೆ ಏಟು ಬಿತ್ತು. ಅಕ್ಕ ತಂಗಿಯ ತುಟಿ ನೋಡುತ್ತಲೇ ಇದ್ದಳು. “ನಾನು ಹಾಗೆ ಹೇಳಲಿಲ್ಲ. ಹೇಳಿದ್ದನ್ನ ಹೇಳು.”

“ನೀವು... ನೀವು ಮಾಡಿದ್ದು ಕಳ್ಳತನ ಅಂತಿದ್ದಾಳೆ.”

“ಏನು?”

“ಜೇಬುಗಳ್ಳರಿಗಾದ್ರೂ ನಾಚಿಕೆ ಇರುತ್ತೆ, ಕದ್ದ ಮೇಲೆ ಓಡಿಹೋಗ್ತಾರೆ. ನೀವು ಕದ್ದು, ಅದೇ ಜಾಗದಲ್ಲಿ ನಿಂತು, ಸುರಕ್ಷತೆ ಬಗ್ಗೆ ಭಾಷಣ ಮಾಡ್ತೀರಿ ಅಂತಿದ್ದಾಳೆ.”

ಹೇಳುತ್ತ ಹೇಳುತ್ತ ಗಿಣಿಯ ದನಿಯೇ ಬದಲಾಯಿತು. ಅಳಿಲೂ ಅಲ್ಲ, ಸೊಸೆಯೂ ಅಲ್ಲ, ಅವಳ ವೃತ್ತಿಯಲ್ಲಿ ಯಾರೂ ಕೇಳದಿದ್ದ ಒಂದು ದಪ್ಪ ದನಿ ಹೊಟ್ಟೆಯಿಂದ ಎದ್ದು ಬಂತು. ಅಕ್ಕನ ಕೈ ಓಡಿದಷ್ಟೂ ಅದು ಓಡಿತು. ಬೆಳಗಿನಿಂದ ಸಂಜೆಯವರೆಗೆ ಹಬೆಯಲ್ಲಿ ಬೆಂದವರು ಒಂದು ತುತ್ತಿನ ಜೊತೆ ನಗುತ್ತಿದ್ದರು. ಅವರ ನಗುವನ್ನು ಯಾರನ್ನು ಕೇಳಿ ತೆಗೆದಿರಿ? ಮಕ್ಕಳು ಕಾಯುವುದಿಲ್ಲ ಅನ್ನುತ್ತೀರಿ, ಕಾಯುವುದಕ್ಕೆ ನೀವು ಬಿಟ್ಟಿದ್ದೀರಾ? ಅಜ್ಜನಿಗೂ ಮೊಮ್ಮಗಳಿಗೂ, ಓದಿದವರಿಗೂ ಓದದವರಿಗೂ, ಭಾಷೆ ಬಂದವರಿಗೂ ಬಾರದವರಿಗೂ ಒಂದೇ ಸಲಕ್ಕೆ ನಗು ಬರಿಸುವ ವಸ್ತು ಇಷ್ಟು ವರ್ಷ ಕೆಡದೆ ಉಳಿದಿತ್ತು. ಅದಕ್ಕೇನು ರೋಗ ಬಂದಿತ್ತು ಅಂತ ಔಷಧ ಹಾಕಿದಿರಿ?

ಮುಖ್ಯಸ್ಥೆ ಮೇಜಿನ ಮೇಲಿನ ಪೆನ್ನನ್ನು ಆಚೀಚೆ ಸರಿಸಿದಳು. “ನೋಡಿ, ನಿಮ್ಮ ಅಕ್ಕನವರ ಕಷ್ಟ ಅರ್ಥ ಆಗುತ್ತೆ. ಕೆಳಗಡೆ ಅಕ್ಷರದಲ್ಲಿ ಸಂಭಾಷಣೆ ಹಾಕಿಸೋಣ. ಅವರಿಗೆ ಎಲ್ಲ ಗೊತ್ತಾಗುತ್ತೆ.”

ಅಕ್ಕ ಇದನ್ನು ತುಟಿಯಲ್ಲೇ ಓದಿದಳು. ಅವಳು ಸಿಟ್ಟಿನಲ್ಲಿ ಕೈಯಾಡಿಸಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

ಮುಖ್ಯಸ್ಥೆಯ ಕೋಣೆಯ ನಟ್ಟನಡುವೆ ನಿಂತು ಅಕ್ಕ ಏಣಿ ಹತ್ತಿದಳು. ಏಣಿ ಇರಲಿಲ್ಲ. ಆದರೆ ಅವಳ ಪಾದ ಮೆಟ್ಟಿಲನ್ನು ತಡಕಿದ ರೀತಿಗೆ, ಸೊಂಟ ತೂಗಿದ ರೀತಿಗೆ ಮೆಟ್ಟಿಲು ಕಾಣಿಸಿತು. ಮೇಲೆ ಬಲ್ಬು ತಿರುಗಿಸಿದಳು, ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕಿತು. ತಿರುಗಿಸುತ್ತಲೇ ಇನ್ನೊಂದು ಕೈ ಚಾಚಿ ಲಾರಿಯನ್ನು ಮುಟ್ಟಲು ಹೋದಳು. ಲಾರಿ ಸಿಗಲಿಲ್ಲ. ಸ್ವಲ್ಪ ಆ ಕಡೆ ತಡಕಿದಳು. ಈ ಕಡೆ. ಕೆಳಗೆ ನೋಡಿದಳು. ಆಮೇಲೆ, ಬಲು ನಿಧಾನವಾಗಿ, ಮುಖ್ಯಸ್ಥೆಯ ಕಡೆಗೆ ಕತ್ತು ತಿರುಗಿಸಿ, ಅವಳನ್ನೇ ನೋಡಿದಳು.

ನೋಡುತ್ತಲೇ ಇದ್ದಳು.

ಬಾಗಿಲಲ್ಲಿ ಚಹಾ ತಂದವನು ಟ್ರೇ ಹಿಡಿದು ನಿಂತಿದ್ದ. ಅವನ ಟ್ರೇಯ ಮೇಲೆ ಲೋಟಗಳು ಕಿಣಿಕಿಣಿ ಅನ್ನತೊಡಗಿದವು. ಮುಖ್ಯಸ್ಥೆ ತುಟಿ ಬಿಗಿಹಿಡಿದಳು, ಕೆನ್ನೆ ಒಳಗೆಳೆದುಕೊಂಡಳು, ಕಿಟಕಿ ನೋಡಲು ಯತ್ನಿಸಿದಳು. ಆಗಲಿಲ್ಲ. ಅಕ್ಕ ಇನ್ನೂ ಬಿದ್ದಿರಲೇ ಇಲ್ಲ, ಅಷ್ಟರಲ್ಲೇ ಮುಖ್ಯಸ್ಥೆಯ ಮೂಗಿನಿಂದ ಭುಸ್ಸೆಂದು ನಗು ಸಿಡಿಯಿತು. ಅಕ್ಕ ಬಿದ್ದಾಗ ಅವಳು ಮೇಜಿಗೆ ಹಣೆ ಹಚ್ಚಿ ನಗುತ್ತಿದ್ದಳು.

ಅಕ್ಕ ನೆಲದಿಂದ ಎದ್ದು, ಸೀರೆ ಕೊಡವಿಕೊಂಡು ಕೂತಳು. ಅವಳ ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ.

“ಈಗ ಕೇಳು,” ಎಂದಳು ತಂಗಿಗೆ. “ಇದಕ್ಕೆ ಕೆಳಗಡೆ ಯಾವ ಅಕ್ಷರ ಹಾಕ್ತಾರಂತೆ?”

ಗಿಣಿ ಕೇಳಿದಳು. ಮುಖ್ಯಸ್ಥೆ ಕಣ್ಣೊರೆಸಿಕೊಂಡಳು. ನಗು ಮುಗಿದ ಮೇಲೆ ಅವಳು ಮತ್ತೆ ಮುಖ್ಯಸ್ಥೆಯಾದಳು.

“ಹೊಸದನ್ನ ನಿಲ್ಲಿಸೋಕೆ ಆಗಲ್ಲ. ಜಾಹೀರಾತಿನವರಿಗೆಲ್ಲ ಮಾತು ಕೊಟ್ಟಾಗಿದೆ. ಹಳೇದನ್ನ ಮಧ್ಯಾಹ್ನ ಹಾಕಬಹುದೇನೋ ನೋಡ್ತೀನಿ. ಆ ಹೊತ್ತಲ್ಲಿ ಹೇಗೂ ಯಾರೂ ನೋಡಲ್ಲ.”

“ಯಾರೂ ನೋಡಲ್ಲ ಅನ್ನಬೇಡಿ,” ಎಂದಳು ಗಿಣಿ. ಇದನ್ನು ಅಕ್ಕ ಹೇಳಿರಲಿಲ್ಲ, ಅವಳೇ ಹೇಳಿದಳು. “ಇಸ್ತ್ರಿ ವಿಭಾಗದವರು ನೋಡ್ತಾರೆ. ಮತ್ತೆ ಇನ್ನೊಂದು ವಿಷಯ. ಇನ್ನು ಆ ಮೇಕೆಗೆ ನಾನು ಬಾಯಿ ಕೊಡಲ್ಲ.”

“ಯೋಚನೆ ಮಾಡಿ ಹೇಳಿ ಗಿಣಿ ಮೇಡಂ. ಅಳಿಲೂ ನಮ್ಮದೇ.”

“ಅಳಿಲಿಗೂ ಸ್ವಲ್ಪ ವಿಶ್ರಾಂತಿ ಬೇಕು.”

ಮೆಟ್ಟಿಲಿಳಿಯುತ್ತಲೇ ಗಿಣಿ ತಿಂಗಳ ಖರ್ಚಿನ ಲೆಕ್ಕ ಹಾಕಿದಳು. ಅಳಿಲು ಹೋದರೆ ಮನೆಯ ಅರ್ಧ ಸಂಸಾರ ಹೋದ ಹಾಗೆ. ಅಕ್ಕ ಅವಳ ತೋಳಿಗೆ ತಾನು ಹೊಡೆದ ಜಾಗವನ್ನು ಒಂದು ಸಲ ಸವರಿ, ಮರುಗಳಿಗೆಯೇ, “ಮೊದಲನೇ ಸಲ ತಪ್ಪಾಗಿ ಯಾಕೆ ಹೇಳಿದೆ?” ಎಂದು ಗದರಿದಳು.

ಅಳಿಲು ಹೋಯಿತು. ಅದಕ್ಕೆ ಈಗ ಬೇರೆ ಯಾರೋ ಹುಡುಗಿಯ ದನಿ. ಮಾತಾಡುವ ಮೇಕೆಯೂ ನಿಲ್ಲಲಿಲ್ಲ. ಬೆಳಿಗ್ಗೆ ಹೊತ್ತು ಮಕ್ಕಳಿಗೆ ಸುರಕ್ಷತೆ ಹೇಳಿಕೊಡುತ್ತಲೇ ಇದೆ, ಮಕ್ಕಳು ಹಲ್ಲುಜ್ಜುತ್ತ ಅದನ್ನು ನೋಡುತ್ತಲೂ ಇದ್ದಾರೆ. ಗಿಣಿ ಬೇರೆ ಕಡೆ ಕೆಲಸ ಹುಡುಕಿಕೊಂಡಳು. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ಕೆಲಸ, ಅದರಲ್ಲಿ ಯಾರ ನಗೆಯನ್ನೂ ಕೆಡಿಸುವ ಭಯವಿಲ್ಲ.

ಹಳೆಯ ಏಣಿಮಾಮ ಮಧ್ಯಾಹ್ನಕ್ಕೆ ಬಂದ. ಸುಮ್ಮನೆ ಬರಲಿಲ್ಲ. ಅಕ್ಕನ ಲಾಂಡ್ರಿಯವರು ಪಾಳಿ ಮುಗಿದ ಮೇಲೆ ಗುಂಪಾಗಿ ಹೋಗಿ ಆ ಸ್ವಾಗತದ ಸೋಫಾದ ಸುತ್ತ ಮಾತಿಲ್ಲದೆ ನಿಂತರು. ಒಂದು ಸಲ ಅಲ್ಲ, ಮತ್ತೆ ಮತ್ತೆ ಹೋಗಿ ನಿಂತರು. ಸದ್ದು ಮಾಡದವರನ್ನು ಸದ್ದು ಮಾಡಬೇಡಿ ಎಂದು ಹೊರಗೆ ಹಾಕುವುದು ಹೇಗೆ ಎಂಬುದು ಅಲ್ಲಿನ ಕಾವಲುಗಾರನಿಗೆ ತಿಳಿಯಲಿಲ್ಲ.

ಮೊದಲ ದಿನ ಗಿಣಿಯೂ ಊಟದ ಕೋಣೆಗೆ ಹೋದಳು. ಲಾರಿ ಉರುಳಿತು. ಮಾಮ ಗಾಳಿಯನ್ನು ತಡಕಿದ, ಕೆಳಗೆ ನೋಡಿದ, ತಿರುಗಿದ. ಯಂತ್ರಗಳ ಸದ್ದಿನಲ್ಲಿ ನಗು ಯಾರಿಗೂ ಕೇಳಿಸಲಿಲ್ಲ. ಮೇಜುಗಳು ಅದುರುವುದು, ಹೆಗಲುಗಳು ಕುಲುಕುವುದು, ಒಬ್ಬಾಕೆ ನೀರು ನೆತ್ತಿಗೇರಿ ಪಕ್ಕದವಳಿಂದ ಬೆನ್ನಿಗೆ ಗುದ್ದಿಸಿಕೊಳ್ಳುವುದು ಕಂಡಿತು. ಗಿಣಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ತಿರುಗಿದರೆ ಅಕ್ಕ ಹುಬ್ಬು ಗಂಟಿಕ್ಕಿ ಕೂತಿದ್ದಳು.

ಪರದೆಯ ಕೆಳಗೆ ಹಳದಿ ಪಟ್ಟಿಯೊಂದು ಓಡುತ್ತಿತ್ತು: ‘ಇದು ಹಳೆಯ ಆವೃತ್ತಿ. ಸಂಭಾಷಣೆ ಇರುವ ಹೊಸ ಆವೃತ್ತಿಯನ್ನು ಬೆಳಿಗ್ಗೆ ನೋಡಿ ಆನಂದಿಸಿ.’

“ನೋಡಿದೆಯಾ ಇವರ ದೌಲತ್ತು,” ಎಂದಳು ಅಕ್ಕ. “ಅದರ ಹಿಂದೆ ಮೇಕೆಯ ಕಾಲು ಕಾಣಿಸ್ತಾ ಇಲ್ಲ. ಅದು ಹಿಂಗಾಲಿನಲ್ಲಿ ಹಗ್ಗ ಒತ್ತಿ ಹಿಡಿದುಕೊಂಡು ತಿನ್ನುತ್ತೆ. ಅದನ್ನೇ ಮುಚ್ಚಿಟ್ಟಿದ್ದಾರೆ. ನಾಳೆ ಹೋಗೋಣ.”

“ನಾಳೆ ನನಗೆ ಬಸ್ಸಿನವರ ಕೆಲಸ ಇದೆ ಅಕ್ಕ.”

“ಹಾಗಾದ್ರೆ ನಾಡಿದ್ದು,” ಎಂದು ಅಕ್ಕ ತಂಗಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.